ಬ್ಯಾಂಕಿನವರು ಮನೆ ನೋಡಲು ಬಂದ ದಿನ

ವಾಡಿಯಲ್ಲಿ ನಮ್ಮ ದಿನ ನಳದ ಕೆಮ್ಮಿನಿಂದ ಶುರುವಾಗುತ್ತಿತ್ತು. ನೀರು ಬರುವ ಮೊದಲು ನಳ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ, ಒಂದಿಷ್ಟು ಗಾಳಿ ಬಿಟ್ಟು, ಕೆಮ್ಮಣ್ಣಿನ ಬಣ್ಣದ ನೀರು ಉಗುಳಿ, ಆಮೇಲೆ ನಿಧಾನವಾಗಿ ತಿಳಿಯಾಗುತ್ತಿತ್ತು. ಆ ಸದ್ದಿಗೆ ಕ್ವಾರ್ಟರ್ಸಿನ ನಮ್ಮ ಸಾಲಿನ ಬಾಗಿಲುಗಳು ಒಂದರ ಹಿಂದೆ ಒಂದು ತೆರೆದುಕೊಳ್ಳುತ್ತಿದ್ದವು. ಆ ದಿನ ಮಾತ್ರ ನಳ ಕೆಮ್ಮುವ ಮೊದಲೇ ನಾನು ಕೊಡ ಹಿಡಿದು ಅಂಗಳದಲ್ಲಿ ನಿಂತಿದ್ದೆ. ಶಾಲೆಯ ಗ್ಯಾದರಿಂಗಿನಲ್ಲಿ ಪರದೆ ಏಳುವ ಮುಂಚೆ ನಿಲ್ಲುತ್ತಿದ್ದ ಹಾಗೆ.

ನೀರು ತುಂಬಿದೆ. ತುಳಸಿಯ ಎಲೆಗಳನ್ನು ಒದ್ದೆ ಬಟ್ಟೆಯ ತುದಿಯಿಂದ ಒರೆಸಿದೆ. ಸಿಮೆಂಟ್ ಫ್ಯಾಕ್ಟರಿಯ ಧೂಳು ರಾತ್ರಿಯೆಲ್ಲ ಇಳಿದು ಎಲೆಗಳ ಮೇಲೆ ಬೂದಿ ಬಣ್ಣದ ಪದರವಾಗಿ ಕೂತಿರುತ್ತಿತ್ತು. ಇಬ್ಬನಿ ಬಿದ್ದರೆ ಅಲ್ಲೇ ಬಿಗಿದುಕೊಳ್ಳುತ್ತಿತ್ತು ಕೂಡ. ಎಲೆ ಹಸಿರಾದ ಮೇಲೆಯೇ ಕುಂಕುಮ, ಹೂವು. ಒಳಗೆ ಬಂದು ರೊಟ್ಟಿ ಬಡಿದೆ. ನಮ್ಮವರಿಗೆ ಡಬ್ಬಿಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ, ಒಣ ಮೆಣಸಿನಕಾಯಿ ಚಟ್ನಿ. ಅವರು ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ದಿನಾ ಚಪ್ಪಲಿ ಮೆಟ್ಟುತ್ತ ಪೇಪರಿನ ಸುದ್ದಿ ಹೇಳುವವರು ಅವತ್ತು ಚಪ್ಪಲಿ ಮೆಟ್ಟಿ ಮತ್ತೆ ಬಿಟ್ಟರು.

"ನಾ ರಜಾ ಹಾಕ್ಲೇನು?" ಎಂದರು.

"ಬ್ಯಾಡ್ರಿ. ಅರ್ಜಿ ನನ್ನ ಹೆಸರಿಲೆ ಅದ. ನೀವಿದ್ರ ಬ್ಯಾಂಕಿನವರು ನಿಮ್ಮನ್ನೇ ಕೇಳ್ತಾರ, ನೀವು ಮೇಲ ಫ್ಯಾನ್ ನೋಡ್ತೀರಿ."

ಅವರಿಗೆ ನಗು ಬಂತು. "ಇಂಗ್ಲಿಷ್‌ನ್ಯಾಗ ಭಾಳ ಮಾತಾಡಬ್ಯಾಡ ಮತ್ತ. ಹೆದರಿ ಓಡಿ ಹೋದಾನು ಪಾಪ." ಅಷ್ಟರಲ್ಲಿ ಫ್ಯಾಕ್ಟರಿಯ ಭೋಂಗಾ ಕೂಗಿತು, ಅವರು ಹೊರಟರು. ಬೀದಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದರು. ಅದು ಅವರ ರೂಢಿಯಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನನಗೆ ಬೇಕಾಗಿದ್ದದ್ದು ಒಂದು ಪಿಕೋ ಮಷೀನು. ಸೀರೆಯ ಕೆಳ ಅಂಚಿಗೆ ಫಾಲ್ ಹಚ್ಚುವುದು ಕೈಕೆಲಸ, ಅದನ್ನು ನಾನು ಮಾಡುತ್ತಿದ್ದೆ. ಸೆರಗಿನ ತುದಿ ಬಿಚ್ಚದಂತೆ ಸಣ್ಣದಾಗಿ ಸುತ್ತಿ ಹೊಲಿಯುವ ಪಿಕೋ ಮಾತ್ರ ಬೇರೆಯದೇ ಮಷೀನಿನ ಕೆಲಸ. ಅದಕ್ಕಾಗಿ ಗಂಟು ಕಟ್ಟಿಕೊಂಡು ಶಹಾಬಾದಿಗೆ ಹೋಗಬೇಕಾಗುತ್ತಿತ್ತು. ಅಲ್ಲಿ ಮಷೀನು ಇಟ್ಟ ಹೆಂಗಸು ತನ್ನ ಗಿರಾಕಿಗಳದ್ದೆಲ್ಲ ಮುಗಿಸಿ, ಊಟ ಮಾಡಿ, ಒಂದು ನಿದ್ದೆ ತೆಗೆದು, ಆಮೇಲೆ ನನ್ನ ಸೀರೆ ಮುಟ್ಟುತ್ತಿದ್ದಳು. ಸಂಜೆಯ ಗಾಡಿ ತಪ್ಪಿದ ದಿನಗಳೂ ಇವೆ. ಮಷೀನು ನನ್ನದೇ ಆದರೆ! ಈ "ಆದರೆ"ಯನ್ನು ನಾನು ರೊಟ್ಟಿ ಬಡಿಯುವಾಗ, ಅಕ್ಕಿ ಆರಿಸುವಾಗ, ನಡುಮನೆಯ ಕಿಟಕಿಯ ಕೆಳಗಿನ ಜಾಗವನ್ನು ಗೇಣು ಹಾಕಿ ಅಳೆಯುವಾಗ ಎಷ್ಟು ಸಲ ಅಂದುಕೊಂಡಿದ್ದೆನೋ.

ಅದಕ್ಕೆ ಸಾಲ ಬೇಕಿತ್ತು, ಮತ್ತು ನಮಗೆ ಸಾಲ ಕೊಡುವವರು ಇರಲಿಲ್ಲ. ಅದರ ಹಿಂದೆ ಒಂದು ಕಥೆಯಿದೆ.

ತೊಂಬತ್ತರ ದಶಕದ ನಡುವೆ ನಮ್ಮವರು ಒಬ್ಬ ಗೆಳೆಯರ ಜೊತೆ ಸೇರಿ ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಮಾಡುವ ಒಂದು ಮಷೀನು ಹಾಕಿದರು. ಅಲ್ಲಿಯ ಪರಸಿ ಕಲ್ಲು ಅಂದರೆ ಆಗ ಎಲ್ಲರ ಮನೆಯ ನೆಲ. ಒಂದೆರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಜನ ಹೊಳೆಯುವ ಟೈಲ್ಸ್ ಕೇಳತೊಡಗಿದರು. ಗೆಳೆಯರು ಒಂದು ದಿನ ಸಂಸಾರ ಸಮೇತ ಸೊಲ್ಲಾಪುರಕ್ಕೆ ಹೋದವರು ಅಲ್ಲಿಯೇ ಉಳಿದರು. ಫ್ಯಾಕ್ಟರಿಯ ಕಾರ್ಮಿಕರ ಪತ್ತಿನ ಸಂಘದಲ್ಲಿ ತೆಗೆದ ಸಾಲ ನಮ್ಮ ತಲೆಯ ಮೇಲೆ ಉಳಿಯಿತು. ಕಂತು ತಪ್ಪಿತು, ಇನ್ನೊಂದು ತಪ್ಪಿತು. ಒಂದು ಮಧ್ಯಾಹ್ನ ಡಬ್ಬಿ ಕೊಡಲು ಗೇಟಿಗೆ ಹೋದವಳು ಸಂಘದ ಬೋರ್ಡಿನ ಮುಂದೆ ನಿಂತೆ. "ಸುಸ್ತಿದಾರರು" ಎಂಬ ತಲೆಬರಹದ ಕೆಳಗೆ ನಮ್ಮವರ ಹೆಸರಿತ್ತು. ಬರೆದವರ ಅಕ್ಷರ ಬಹಳ ಚಂದ. ಲಗ್ನಪತ್ರಿಕೆಯಲ್ಲೂ ಅವರ ಹೆಸರು ಅಷ್ಟು ಅಂದವಾಗಿ ಬಂದಿರಲಿಲ್ಲ.

ಆ ಹೆಸರಿನ ಸುದ್ದಿ ನಮಗಿಂತ ಮೊದಲು ಪೇಟೆ ಮುಟ್ಟಿತು. ಕಿರಾಣಿ ಅಂಗಡಿಯ ಸಾವಕಾರರು ಎಂದೂ ಇಲ್ಲ ಅಂದವರಲ್ಲ. ಉದ್ರಿ ಕೇಳಿದರೆ "ಸಕ್ಕರಿ ಈಗಷ್ಟೇ ತೀರಿತಲ್ರಿ ತಾಯಿ" ಎನ್ನುತ್ತಿದ್ದರು, ಪಕ್ಕದಲ್ಲೇ ತುಂಬಿದ ಚೀಲದಲ್ಲಿ ಅಳತೆಯ ಡಬ್ಬಿ ನೆಟ್ಟಗೆ ನಿಂತಿರುತ್ತಿತ್ತು. ಅದಕ್ಕಿಂತ ಕಷ್ಟದ್ದು ಇನ್ನೊಂದು. ನಮ್ಮ ಸಾಲಕ್ಕೆ ಜಾಮೀನು ನಿಂತವರಲ್ಲಿ ಎದುರು ಮನೆಯವರೊಬ್ಬರು. ನಾವು ಕಟ್ಟದಿದ್ದಾಗ ಸಂಘದವರು ಅವರ ಪಗಾರದಿಂದ ತಿಂಗಳು ತಿಂಗಳು ಹಣ ಮುರಿದುಕೊಂಡರು. ಅವರ ಹೆಂಡತಿಯನ್ನು ನಾನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎಂದು ಕರೆಯುತ್ತಿದ್ದೆ. ಚಿಮ್ಮನಚೋಡದ ಒಕ್ಕಲು ಮನೆತನದ ಹೆಣ್ಣು, ಗಟ್ಟಿ ದನಿ, ಮೆತ್ತಗಿನ ಕೈ. ಆಕೆ ನನ್ನ ಕೂಡ ಮಾತು ಬಿಟ್ಟರು. ನಳದ ಹತ್ತಿರ ನಾನು ಬಂದರೆ ಕೊಡ ಎತ್ತಿ ನಡೆಯುತ್ತಿದ್ದರು. ತಪ್ಪು ಆಕೆಯದಲ್ಲ.

ನನ್ನ ಕೈಯಲ್ಲಿ ಇದ್ದದ್ದು ಸೂಜಿ ಒಂದೇ. ಶಹಾಬಾದಿನಲ್ಲಿ ನಾನು ಕಲಿತ ಕಾನ್ವೆಂಟಿನಲ್ಲಿ ಹೊಲಿಗೆಯ ಸಿಸ್ಟರ್ ಒಬ್ಬರಿದ್ದರು. ಕರವಸ್ತ್ರದ ಅಂಚು ಮಡಚಿ ಹೊಲಿಸಿ, ಮೊದಲು ಹಿಂಬದಿ ತಿರುಗಿಸಿ ನೋಡುತ್ತಿದ್ದರು. ಹೊಲಿಗೆ ಅಲ್ಲಿ ಕಂಡರೆ ಪೂರ್ತಿ ಬಿಚ್ಚು. ಹಾಗೆ ಬಿಚ್ಚಿ ಬಿಚ್ಚಿ ಕಲಿತ ಕೈ ಈಗ ಅನ್ನಕ್ಕೆ ಬಂತು. ನಾನು ಹಚ್ಚಿದ ಫಾಲಿನ ಹೊಲಿಗೆ ಸೀರೆಯ ಮೇಲೆ ಕಾಣಿಸುವುದಿಲ್ಲ ಎಂಬ ಮಾತು ಮೊದಲು ಚಿತ್ತಾಪುರದ ಒಂದು ಸೀರೆ ಅಂಗಡಿಗೆ ಹೋಯಿತು, ಅಲ್ಲಿಂದ ಸೇಡಮ್ಮಿನ ಶಾಲೆಯ ಟೀಚರುಗಳಿಗೆ, ಮುಂದೆ ಚಿಂಚೋಳಿಯ ಮದುವೆ ಮನೆಗಳಿಗೆ. ಮನೆ ಖರ್ಚಿಗೆ ನಮ್ಮವರ ಪಗಾರ, ಸಾಲಕ್ಕೆ ನನ್ನ ಸೂಜಿ ಎಂದು ಇಬ್ಬರೂ ಒಪ್ಪಿಕೊಂಡೆವು. ಮೊದಲು ತೀರಿಸಿದ್ದು ಎದುರು ಮನೆಯವರಿಂದ ಮುರಿದ ಹಣ. ವೈನಿ ಬಾಗಿಲಲ್ಲಿ ನಿಂತು ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು, ನಾನು ಮಾತಿಲ್ಲದೆ ಕೊಟ್ಟು ಬರುತ್ತಿದ್ದೆ. ಆಮೇಲೆ ಒಂದು ಮಳೆಗಾಲ, ನಾನು ಸ್ಟೇಷನ್ ಕಡೆ ಹೋಗಿದ್ದಾಗ ಗಾಳಿ ಮಳೆ ಒಟ್ಟಿಗೆ ಬಂದು, ಹೊರಗೆ ಹರವಿದ್ದ ಗಿರಾಕಿಗಳ ಸೀರೆಗಳನ್ನೆಲ್ಲ ಆಕೆ ಓಡಿ ಬಂದು ಬಾಚಿಕೊಂಡರಂತೆ. ನಾನು ತೊಯ್ದು ತೊಪ್ಪೆಯಾಗಿ ಬಂದರೆ ಆಕೆ ನಮ್ಮ ಕಟ್ಟೆಯ ಮೇಲೆ ಸೀರೆಗಳ ರಾಶಿ ತಬ್ಬಿಕೊಂಡು ಕೂತಿದ್ದರು. "ಏನ್ರಿ ಕಾನ್ವೆಂಟ್ ಬಾಯಾರ, ಮಳಿ ಬರೂದು ನಿಮ್ಮ ಇಂಗ್ಲಿಷ್ ಪುಸ್ತಕದಾಗ ಬರದಿಲ್ಲೇನು?" ಎಂದರು. ಅಂದಿನಿಂದ ಆಕೆಗೆ ನಾನು ಕಾನ್ವೆಂಟ್ ಬಾಯಾರು, ಅಂದರೆ ಕಾನ್ವೆಂಟಿನ ಅಮ್ಮಾವರು.

ಸಂಘದ ಸಾಲವೂ ತೀರಿತು. ಬಾಕಿ ಏನೂ ಇಲ್ಲವೆಂದು ಅವರು ಕೊಟ್ಟ ಬೇಬಾಕಿ ಪತ್ರ ಹಿಡಿದು ನಾನು ಬ್ಯಾಂಕಿಗೆ ಹೋದೆ. ಮ್ಯಾನೇಜರು ಸಭ್ಯರು. "ಅರ್ಜಿ ಚೆನ್ನಾಗಿ ಬರೆದಿದ್ದೀರಿ" ಎಂದರು. "ಆದ್ರೆ ನಿಮ್ಮ ಯಜಮಾನ್ರ ಹೆಸರು ಒಮ್ಮೆ ಸುಸ್ತಿ ಪಟ್ಟಿಯಲ್ಲಿತ್ತು. ನಮ್ಮ ಫೀಲ್ಡ್ ಆಫೀಸರ್ ಬಂದು ಮನೆ, ಕೆಲಸ ನೋಡಿ ವರದಿ ಕೊಡ್ಲಿ. ಆಮೇಲೆ ಹೇಳ್ತೀನಿ." ಆ ವರದಿಯಲ್ಲಿ ನನ್ನ ಮಷೀನಿತ್ತು. ಮಷೀನಿಗಿಂತ ಹೆಚ್ಚಾಗಿ, ನಮ್ಮ ಹೆಸರಿಗೆ ಮತ್ತೆ ಪತ್ತು ಹುಟ್ಟೀತೋ ಇಲ್ಲವೋ ಎಂಬುದು ಅದರಲ್ಲಿತ್ತು. ಫೀಲ್ಡ್ ಆಫೀಸರು ಬರುವ ದಿನವೇ ಈ ದಿನ.

ನಮ್ಮವರು ಹೋಗಿ ಪಾತ್ರೆ ತೊಳೆಯುವಷ್ಟೂ ಹೊತ್ತಾಗಿಲ್ಲ, ವೈನಿ ಎರಡು ಕಂಕುಳಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಇರುಕಿಕೊಂಡು ಒಳಗೆ ಬಂದರು.

"ಏನ್ರಿ ವೈನಿ ಇದು?"

"ಕುರ್ಚಿ. ಮತ್ತೇನು ಚಾಪಿ ಮ್ಯಾಲ ಕುಂದ್ರಸ್ತೀರೇನು ಬ್ಯಾಂಕಿನವರನ್ನ?"

ನಮ್ಮ ಸಾಲಿನಲ್ಲಿ ಒಂದು ಪದ್ಧತಿಯಿತ್ತು. ಯಾರ ಮನೆಗಾದರೂ ಕನ್ಯಾ ನೋಡಲು ಬರುತ್ತಾರೆಂದರೆ ಇಡೀ ಸಾಲು ಸೇರಿ ಆ ಮನೆಯನ್ನು ಸಿಂಗರಿಸುತ್ತಿತ್ತು. ಒಬ್ಬರ ಮನೆಯಿಂದ ಕುರ್ಚಿ, ಒಬ್ಬರ ಮನೆಯಿಂದ ಹೂವಿನ ಚಾದರ, ಇನ್ನೊಬ್ಬರ ಮನೆಯಿಂದ ಬಂಗಾರದ ಗೆರೆಯ ಕಪ್ಪು-ಬಶಿ, ಅಂದರೆ ಚಹಾದ ಕಪ್ಪು-ಸಾಸರು. ಅದನ್ನು ಯಾರೂ ಸುಳ್ಳು ಅಂದುಕೊಂಡವರಲ್ಲ. ನೋಡಲು ಬಂದವರಿಗೂ ಗೊತ್ತಿರುತ್ತಿತ್ತು, ಅವರ ಓಣಿಯಲ್ಲೂ ಅದೇ ಪದ್ಧತಿ. ವೈನಿಯ ಲೆಕ್ಕದಲ್ಲಿ ಇದೂ ಅದೇ.

"ಬ್ಯಾಂಕಿನವರು ಬರೂದಂದ್ರ ಏನಂತ ತಿಳದೀರಿ? ಕನ್ಯಾ ನೋಡ್ಲಿಕ್ಕೆ ಬಂದಂಗೇ. ನೋಡ್ತಾರ, ತಿಂತಾರ, ಊರಿಗಿ ಹೋಗಿ ತಿಳಸ್ತೀವಿ ಅಂತಾರ. ನಾವು ನಮ್ಮ ಕೆಲಸ ಛಂದಂಗ ಮಾಡಬೇಕು."

ನಾನು ಬೇಡವೆನ್ನುವ ಮೊದಲೇ ಗೋಡೆಯ ಮೇಲೆ ವೈನಿಯ ಮನೆಯ ಗಡಿಯಾರ ಏರಿತು, ಗಂಟೆಗೊಮ್ಮೆ ಹಕ್ಕಿಯ ದನಿಯಲ್ಲಿ ಕೂಗುವಂಥದ್ದು. ಬಂಗಾರದ ಗೆರೆಯ ಕಪ್ಪು-ಬಶಿ ಬಂತು, ಗಾಜಿನ ಟೀಪಾಯಿ ಬಂತು. ಅದರ ಮೇಲೆ ಕ್ರೋಶಾದ ಹೊದಿಕೆ, ಅದರ ಮೇಲೆ ಹೂದಾನಿ, ಅದರಲ್ಲಿ ನಾಲ್ಕು ಪ್ಲಾಸ್ಟಿಕ್ ಗುಲಾಬಿ. ವೈನಿ ಒಂದು ಗುಲಾಬಿಯನ್ನು ಉಗುರಿನಿಂದ ಕೆರೆದು ಧೂಳು ತೆಗೆದರು. ಆಮೇಲೆ ತಮ್ಮ ಕೈಯ ಬಂಗಾರದ ಪಾಟ್ಲಿ ಸರ್ರನೆ ತೆಗೆದು ನನ್ನ ಕೈಗೆ ಏರಿಸಿಬಿಟ್ಟರು. ಇನ್ನೂ ಆಕೆಯ ಮೈ ಬಿಸಿ ಇತ್ತು ಅದರಲ್ಲಿ. ನನ್ನ ಪಾಟ್ಲಿಗಳು ಪಾಲಿಶ್ ಮಷೀನಿನ ಬಂಡವಾಳಕ್ಕೆ ಹೋದ ಮೇಲೆ ಆ ಮಣಿಕಟ್ಟಿಗೆ ಬಂಗಾರ ಬಂದದ್ದು ಅದೇ ಮೊದಲು.

ಆಗ ಪಕ್ಕದ ಮನೆಯ ಆಪಾ ಬಂದರು. ಅವರ ಯಜಮಾನರು ಸ್ಟೇಷನ್ನಿನ ಹತ್ತಿರ ವಾಚು ರಿಪೇರಿ ಮಾಡುತ್ತಿದ್ದರು. ಆಪಾ ನಮ್ಮ ಹೊಸ್ತಿಲಲ್ಲಿ ನಿಂತು, ನಡುಮನೆ ನೋಡಿ, ನನ್ನ ಕೈ ನೋಡಿ, ಗಲ್ಲದ ಮೇಲೆ ಬೆರಳಿಟ್ಟುಕೊಂಡರು.

"ಅರೆ ಅಲ್ಲಾ! ಅಕ್ಕಾ, ನೀವು ಸಾಲ ಕೇಳ್ಲಿಕತ್ತೀರೋ, ಕೊಡ್ಲಿಕತ್ತೀರೋ?"

"ಯಾಕ್ರಿ ಆಪಾ?" ವೈನಿ ಸೊಂಟದ ಮೇಲೆ ಕೈಯಿಟ್ಟರು.

"ನಾವು ಸಾಲ ಕೇಳಿದಾಗ ನಮ್ಮ ಮನಿಗಿ ಬಂದಿದ್ರಲ್ಲ ಈ ಬ್ಯಾಂಕಿನವರು. ಫ್ರಿಜ್ ನೋಡಿ ಏನಂದ್ರು? 'ಇಷ್ಟೆಲ್ಲ ಅದಲ್ಲ, ಸಾಲ ಯಾಕ ಬೇಕು' ಅಂದ್ರು. ಅದು ನಮ್ಮ ಭಾವನ ಫ್ರಿಜ್, ಇಡ್ಲಿಕ್ಕೆ ಜಾಗ ಇಲ್ಲಂತ ನಮ್ಮ ಮನ್ಯಾಗ ಇಟ್ಟಿದ್ದ. ಕೇಳಬೇಕಲ್ಲ? ತೆಗೀರಿ ಆ ಬಂಗಾರ, ಪೈಲೆ ತೆಗೀರಿ."

ಆಪಾ ನನ್ನ ಕೈಯಿಂದ ಪಾಟ್ಲಿ ತೆಗೆದರು. ವೈನಿ ಮತ್ತೆ ಹಾಕಿದರು. "ಬರಿಗೈಲೆ ಕುಂತ್ರ ಇವರು ಏನು ತಿರಗಿ ಕೊಡ್ತಾರ ಅಂತಾರ!" ಆಪಾ ಮತ್ತೆ ತೆಗೆದರು. ನಾನು ಕೈ ಚಾಚಿಕೊಂಡು ಬಳೆ ಇಡಿಸಿಕೊಳ್ಳುವ ಮಗುವಿನ ಹಾಗೆ ನಿಂತಿದ್ದೆ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಕೊನೆಗೆ ಒಂದು ರಾಜಿಯಾಯಿತು: ಸಾಮಾನು ಇರಲಿ, ಬಂಗಾರ ಬೇಡ. ಆಪಾ ಸೋತವರಂತೆ ಕಾಣಬಾರದೆಂದು ತಾವೂ ತಮ್ಮ ಮಿಕ್ಸರ್ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟರು. ಶಿರಾ ಮಾಡಿದೆವು, ಚುರುಮುರಿ ತೊಯಿಸಿ ಸುಸಲಾ ಮಾಡಿದೆವು. ವೈನಿ ಶಿರಾದ ರುಚಿ ನೋಡಿ, ತಮ್ಮ ಮನೆಯ ತುಪ್ಪದ ಡಬ್ಬಿ ತಂದು, "ಇನ್ನೊಂದು ಚಮಚ ತುಪ್ಪ ಹಾಕ್ರಿ, ಮಷೀನಿಗಿ ಎಣ್ಣಿ ಹಾಕಿದಂಗ" ಎಂದರು.

ಬಿಸಿಲು ಏರುವ ಹೊತ್ತಿಗೆ ಆಫೀಸರು ಮೊಪೆಡ್ ಮೇಲೆ ಬಂದರು. ಹುಡುಗನಂಥ ಮುಖ, ಮೈಸೂರು ಕಡೆಯ ಮಾತು. ಕನ್ನಡಕ ತೆಗೆದು ಧೂಳು ಒರೆಸಿಕೊಂಡು, ಹೊಸ್ತಿಲಾಚೆ ಶೂ ಬಿಟ್ಟು, "ನಮಸ್ಕಾರ ಮೇಡಂ" ಎಂದು ಒಳಗೆ ಬಂದು ವೈನಿಯ ಕುರ್ಚಿಯಲ್ಲಿ ಕೂತರು. ವೈನಿ ಮತ್ತು ಆಪಾ ಅಡುಗೆಮನೆಯ ಪರದೆಯ ಹಿಂದೆ. ಪರದೆಯ ಕೆಳಗೆ ನಾಲ್ಕು ಪಾದ ಕಾಣುತ್ತಿದ್ದವು.

ಬಂಗಾರದ ಗೆರೆಯ ಬಶಿಯಲ್ಲಿ ಕೊಟ್ಟ ಶಿರಾ ತಿಂದರು. ಸುಸಲಾ ತಿಂದು ಇದೇನೆಂದು ಕೇಳಿದರು. ಇನ್ನೊಂದಿಷ್ಟು ಹಾಕಲು ಹೋದರೆ, "ಅಯ್ಯೋ, ಇಷ್ಟೆಲ್ಲ ಯಾಕ್ ಮೇಡಂ, ಒಂದ್ ಲೋಟ ನೀರು ಸಾಕಿತ್ತು" ಎಂದು ನಾಚಿಕೊಂಡರು. ಕೈ ತೊಳೆದು, ಚೀಲದಿಂದ ಒಂದು ಫಾರಂ ತೆಗೆದು ಟೀಪಾಯಿಯ ಮೇಲೆ ಹರವಿದರು. ಅಷ್ಟರಲ್ಲಿ ಗೋಡೆಯ ಹಕ್ಕಿ ಕಿರುಚಿ ಅವರ ಪೆನ್ನು ಜಾರಿತು.

"ಗಡಿಯಾರ ಚೆನ್ನಾಗಿದೆ" ಎಂದು ನಕ್ಕು, ಬರೆದರು. ಏನು ಬರೆಯುತ್ತಿದ್ದಾರೆಂದು ನಾನು ತಲೆಕೆಳಗಾಗಿಯೇ ಓದಿದೆ. ಮನೆಯ ಚರ ಸ್ವತ್ತು: ಗೋಡೆ ಗಡಿಯಾರ. ಟೀಪಾಯಿ. ಕುರ್ಚಿಗಳು.

"ಮಿಕ್ಸರ್ ಇದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಪರದೆಯೊಳಗಿನಿಂದ, "ಅದ ಅದ!" ಎಂದು ವೈನಿಯ ದನಿ ಬಂತು. ಹಿಂದೆಯೇ ಆಪಾ ಅವರನ್ನು ಚಿವುಟಿದ ಸದ್ದು.

ಆಫೀಸರು ಫಾರಂ ನನ್ನ ಕಡೆ ತಿರುಗಿಸಿದರು. "ಇವೆಲ್ಲ ನಿಮ್ಮ ಸ್ವತ್ತು ಅಂತ ಇಲ್ಲೊಂದು ಸೈನ್ ಮಾಡಿ ಮೇಡಂ."

ಪೆನ್ನು ಕೈಗೆ ಬಂತು. ಕನ್ಯಾ ನೋಡಲು ಬಂದವರು ಯಾರೂ ಸಹಿ ಮಾಡಿಸಿಕೊಳ್ಳುವುದಿಲ್ಲ. ವೈನಿಗಾಗಲಿ ನನಗಾಗಲಿ ಅದು ಹೊಳೆದಿರಲೇ ಇಲ್ಲ. ಸಹಿ ಮಾಡಿದರೆ ಮಷೀನು ಹತ್ತಿರ. ಆದರೆ ಇಷ್ಟು ವರ್ಷ ಸೂಜಿಯ ಮೊನೆಯಿಂದ ತಿದ್ದಿದ ಹೆಸರನ್ನು ಇನ್ನೊಬ್ಬರ ಗಡಿಯಾರದ ಕೆಳಗೆ ಹೇಗೆ ಬರೆಯಲಿ?

"ಸರ್" ಎಂದೆ, "ಇದಿಷ್ಟೂ ಹೊಡೆದುಹಾಕ್ರಿ."

"ಯಾಕೆ ಮೇಡಂ?"

"ಗಡಿಯಾರ, ಟೀಪಾಯಿ, ನೀವು ಕೂತ ಕುರ್ಚಿ ಎದುರು ಮನಿಯವು. ಮಿಕ್ಸರ್ ಪಕ್ಕದ ಮನಿಯದು. ಹೂವೂ ನಮ್ಮದಲ್ಲ. ಶಿರಾ ಒಂದು ನಮ್ಮದು. ಅದರಾಗಿನ ತುಪ್ಪ ಎದುರು ಮನಿಯದು."

ಆಫೀಸರು ತಾವು ಕೂತ ಕುರ್ಚಿಯ ಕೈಯನ್ನು ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು. ಪರದೆ ಸರ್ರೆಂದು ಸರಿಯಿತು. ಸೆರಗು ಸೊಂಟಕ್ಕೆ ಸಿಗಿಸಿಕೊಂಡು ವೈನಿ ಹೊರಗೆ ಬಂದರು.

"ಏನ್ರಿ ಸಾಹೇಬ್ರ, ನಾ ಖುದ್ದ ಕೊಟ್ಟೀನಿ ಅಂದಮ್ಯಾಲ ಇವತ್ತಿನ ಮಟ್ಟಿಗಿ ಅವು ಅವರವೇ ಅಲ್ಲೇನು?"

ಆಫೀಸರಿಗೆ ನಗು ಬಂದಿತ್ತು, ಆದರೆ ದನಿ ಗಂಭೀರ ಮಾಡಿಕೊಂಡರು. "ಹಾಗಾದ್ರೆ ಅಮ್ಮಾ, ಇವ್ರು ಸಾಲ ಕಟ್ಟದಿದ್ರೆ ನಿಮ್ಮ ಗಡಿಯಾರ ಜಪ್ತಿ ಮಾಡಬಹುದಾ?"

ವೈನಿ ಒಂದು ಕ್ಷಣ ಯೋಚಿಸಿದರು. "ಗಡಿಯಾರ ಒಯ್ರಿ. ಕುರ್ಚಿ ಬ್ಯಾಡ, ನಮ್ಮ ಮಾವನವರು ಕುಂದ್ರತಾರ."

ಆಪಾ ಪರದೆಯ ಹಿಂದೆ ಕಿಸಕ್ಕನೆ ನಕ್ಕರು. ಆಫೀಸರೂ ನಕ್ಕುಬಿಟ್ಟರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ನೀವು ಇವರಿಗೆ ಸಂಬಂಧಿಕರಾ?" ಎಂದು ಕೇಳಿದರು.

"ಸಂಬಂಧಿಕರೇನ್ರಿ, ಇವರ ಸಾಲಕ್ಕ ನಮ್ಮ ಮನಿಯವರ ಪಗಾರ ಕಟ್ ಆಗಿತ್ತು!"

ಸರಿ, ಮುಗಿಯಿತು ಅಂದುಕೊಂಡೆ. ಆಫೀಸರ ನಗು ನಿಂತಿತು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ನನಗೆ ಕಿಟಕಿಯ ಕೆಳಗಿನ ಆ ಗೇಣಿನ ಜಾಗ ಕಣ್ಣ ಮುಂದೆ ಬಂತು.

"ಕಟ್ ಆಗಿತ್ತು. ಆಮೇಲೆ?"

"ಆಮೇಲೆ ಏನು, ಪೂರಾ ತಿರಗಿ ಕೊಟ್ಟಾರ. ನಾ ಕೇಳಿಲ್ರಿ ಒಮ್ಮೆಯೂ. ಕೇಳ್ಲಿಕ್ಕೆ ಮಾತಾಡಬೇಕಲ್ಲ? ನಾ ಮಾತೇ ಬಿಟ್ಟಿದ್ದೆ ಇವರ ಕೂಡ. ಆದ್ರೂ ತಿಂಗಳಾ ಬಂದು ಬಾಗಲದಾಗ ನಿಂತು, ಕೈಯಾಗ ಇಟ್ಟು ಹೋಗ್ತಿದ್ರು. ಸಂಘದವರಿಗಿ ಕೊಡೂಕಿಂತ ಮೊದಲ ನಮಗ. ಮಾತು ಬಿಟ್ಟವರಿಗಿ ಯಾರರೆ ತಂದು ಕೊಡ್ತಾರೇನ್ರಿ ಸಾಹೇಬ್ರ? ನಮ್ಮ ಖಾಸ ಮೈದುನ ಲಗ್ನಕ್ಕ ಒಯ್ದದ್ದು ಇನ್ನಾ ಕೊಟ್ಟಿಲ್ಲ, ದಿನಾ ಮಾತಾಡ್ತಾನ!"

ನಾನು ನೆಲ ನೋಡುತ್ತಿದ್ದೆ. ಪರಸಿಯ ಸಂದಿನಲ್ಲಿ ಒಂದು ಸುಸಲಾದ ಕಾಳು ಬಿದ್ದಿತ್ತು. ಅದನ್ನು ಕಾಲ್ಬೆರಳಿನಿಂದ ಒಳಕ್ಕೆ ಒತ್ತಿದೆ. ಆ ತಿಂಗಳುಗಳಲ್ಲಿ ಬಾಗಿಲಿನ ಎರಡೂ ಕಡೆ ನಿಂತ ನಾವಿಬ್ಬರೂ ಒಂದೇ ವಿಷಯವನ್ನು ಎಷ್ಟು ಬೇರೆಯಾಗಿ ನೆನಪಿಟ್ಟುಕೊಂಡಿದ್ದೆವು! ನನಗೆ ನೆನಪಿದ್ದದ್ದು ಆಕೆಯ ಮುಚ್ಚಿದ ತುಟಿ ಮಾತ್ರ.

ಆಫೀಸರು ಬರೆದದ್ದಕ್ಕೆಲ್ಲ ಒಂದು ಗೆರೆ ಎಳೆದರು. "ಈಗ ಹೇಳಿ ಮೇಡಂ. ನಿಮ್ದೇನಿದೆ?"

ತೋರಿಸಿದೆ. ತವರಿನಿಂದ ಬಂದ ಹೊಲಿಗೆ ಮಷೀನು, ಕಾಲಿನಿಂದ ತುಳಿಯುವಂಥದ್ದು, ಪಿಕೋ ಬಾರದ್ದು. ಮಂಚ. ಕುಕ್ಕರ್. ನಮ್ಮ ಟ್ರಂಕು ತೆಗೆದು ಗಿರಾಕಿಗಳ ಸೀರೆ ತೋರಿಸಿದೆ. ಮದುವೆಯ ಸೀಸನ್, ಟ್ರಂಕು ತುಂಬಿತ್ತು. ಮೇಲೆ ಚಿಂಚೋಳಿಯ ಮದುಮಗಳ ಧಾರೆ ಸೀರೆ, ಹಳೆಯ ಪಂಚೆಯಲ್ಲಿ ಸುತ್ತಿದ್ದು. ಯಾವುದು ಯಾರದೆಂದು ಹೇಗೆ ತಿಳಿಯುತ್ತದೆಂದು ಅವರು ಕೇಳಿದರು. ಒಂದೊಂದರ ಮೂಲೆಗೂ ಬೇರೆ ಬಣ್ಣದ ದಾರದ ಒಂದು ಗಂಟು ಹಾಕಿರುತ್ತೇನೆ, ಕೊಡುವಾಗ ಕತ್ತರಿಸುತ್ತೇನೆ ಎಂದೆ. ಮುಗಿದ ಒಂದು ಸೀರೆಯ ಫಾಲನ್ನು ಅವರು ಬೆಳಕಿಗೆ ಹಿಡಿದರು.

"ಹೊಲಿಗೆ ಎಲ್ಲಿದೆ?"

"ಅದರಾಗೇ ಅದ ಸರ್."

"ಕಾಣ್ತಾನೇ ಇಲ್ವಲ್ಲ."

"ಹಿಂದ ತಿರುಗಿಸಿ ನೋಡ್ರಿ," ಎಂದೆ. ತಿರುಗಿಸಿ ನೋಡಿದರು. ಹೊಲಿಗೆಯ ಸಿಸ್ಟರ್ ಮುಂದೆ ನಿಂತ ಹುಡುಗಿಯ ಹಾಗೆ ನಾನು ಕೈ ಹಿಂದೆ ಕಟ್ಟಿ ನಿಂತಿದ್ದೆ. ಅವರು "ಹ್ಞೂಂ" ಎಂದು ಸೀರೆ ಮಡಚತೊಡಗಿದರು. ಮಡಚಲು ಬರದೆ ಆಪಾ ಅದನ್ನು ಅವರ ಕೈಯಿಂದ ಕಸಿದುಕೊಂಡರು.

ಹೊಸ ಹಾಳೆಯ ಮೇಲೆ ಬರೆದರು. ಈ ಸಲ ತಲೆಕೆಳಗಾಗಿ ಓದುವ ಧೈರ್ಯ ನನಗಾಗಲಿಲ್ಲ. ಮಂಚ, ಮಷೀನು, ಕುಕ್ಕರ್ ಇದ್ದ ಸಾಲಿನ ಕೆಳಗೆ ಸಹಿ ಮಾಡಿದೆ. ಹೊರಡುತ್ತ ಶೂ ಕಟ್ಟಿಕೊಂಡು, "ಸೋಮವಾರ ಮಷೀನಿನ ಕೊಟೇಷನ್, ಎರಡು ಫೋಟೋ ತಗೊಂಡು ಬ್ಯಾಂಕಿಗೆ ಬನ್ನಿ" ಎಂದರು.

"ಅಂದ್ರ... ಆಯ್ತೇನ್ರಿ ಸರ್?"

"ಮಂಜೂರು ಮಾಡೋದು ಮ್ಯಾನೇಜರ್. ನಾನು ಕೊಡಬಹುದು ಅಂತ ಬರ್ದಿದ್ದೀನಿ." ಮೊಪೆಡ್ ಶುರು ಮಾಡಿ, ಸ್ವಲ್ಪ ಮುಂದೆ ಹೋಗಿ ನಿಂತು, ತಿರುಗಿ, "ಕೊಟೇಷನ್ ಮೋಟರ್ ಇರೋ ಮಷೀನಿಂದೇ ತನ್ನಿ ಮೇಡಂ, ಕಾಲು ನೋಯ್ಸ್ಕೋಬೇಡಿ" ಎಂದು ಹೋದರು.

ಮೊಪೆಡ್ಡಿನ ಸದ್ದು ತಿರುವು ದಾಟುವವರೆಗೆ ಮೂವರೂ ಹೊಸ್ತಿಲಲ್ಲೇ ನಿಂತಿದ್ದೆವು. ಆಮೇಲೆ ಆಪಾ ನನ್ನ ಎರಡೂ ಗಲ್ಲ ಹಿಡಿದು ಹಿಂಡಿದರು. "ಕೊಟೇಷನ್ ಕೇಳಿದ್ರು ಅಂದ್ರ ಆತು ಅಕ್ಕಾ! ನಮಗ ಕೇಳೇ ಇಲ್ಲ ನೋಡ್ರಿ!" ವೈನಿ ಉಳಿದ ಶಿರಾ ಬೋಗುಣಿಯನ್ನು ನಡುವೆ ಇಟ್ಟು ಕೂತರು. "ಹುಡುಗ ಭಾಳ ತಿನ್ನಲಿಲ್ಲ. ನಮ್ಮ ನಸೀಬ" ಎಂದು ಮೂರು ಪಾಲು ಮಾಡಿದರು.

ನಾನು ತಿನ್ನದೆ ಎದ್ದೆ. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿದ್ದು ಸ್ಟೇಷನ್ ರಸ್ತೆಯ ಟೆಲಿಫೋನ್ ಬೂತಿಗೆ. ಟಾರು ಸುಡುತ್ತಿತ್ತು; ನೆರಳು ಹುಡುಕಿ ಹುಡುಕಿ ಕುಪ್ಪಳಿಸಿದೆ. ಯಾರಾದರೂ ನೋಡಿದ್ದರೆ ಈ ವಯಸ್ಸಿನಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಾಳೆ ಅಂದುಕೊಂಡಿರಬೇಕು. ಟೈಮ್ ಆಫೀಸಿನಲ್ಲಿ ಯಾರೋ ಎತ್ತಿ, ನಮ್ಮವರನ್ನು ಕರೆದು, ಅವರು ಬಂದು "ಹಲೋ" ಎಂದಾಗಲೂ ನಾನು ಇನ್ನೂ ಏದುಸಿರು ಬಿಡುತ್ತಿದ್ದೆ.

"ಏನಾತು? ಹೇಳು... ಹಲೋ? ಅಳ್ಲಿಕತ್ತೀಯೇನು?"

"ಇಲ್ರಿ. ಕಾಲು ಸುಟ್ಟಾವ. ಮೋಟರ್ ಇರೋ ಮಷೀನು ತೊಗೋರಿ ಅಂದ್ರು!"

ಆ ಕಡೆ ಟೈಪ್‌ರೈಟರಿನ ಸದ್ದು. ಆಮೇಲೆ ನಮ್ಮವರು ಯಾರಿಗೋ, "ಏ, ಚಹಾ ತರಸ್ರಿ ಎಲ್ಲರಿಗಿ, ನನ್ನ ಲೆಕ್ಕಕ್ಕ" ಎನ್ನುವುದು ಕೇಳಿಸಿತು. ಬಹಳ ದಿನಗಳಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಅವರ ಲೆಕ್ಕಕ್ಕೆ ಕ್ಯಾಂಟೀನಿನವರು ಚಹಾ ಕೊಟ್ಟರೋ ಇಲ್ಲವೋ ಎಂದು ಮನೆಗೆ ಬರುವವರೆಗೂ ಯೋಚಿಸಿದೆ. ಸಂಜೆ ಕೇಳಿದೆ. ಕೊಟ್ಟಿದ್ದರು.

ಸಂಜೆ ನಮ್ಮವರು ಪೊಟ್ಟಣದಲ್ಲಿ ಜಿಲೇಬಿ ತಂದಿದ್ದರು, ಪೇಪರಿಗೆ ಪಾಕ ಅಂಟಿ ಸುದ್ದಿಯೆಲ್ಲ ಜಿಲೇಬಿಯ ಮೇಲೆ ಮೂಡಿತ್ತು. ಆಪಾ ಮಿಕ್ಸರ್ ಒಯ್ಯಲು ಬಂದವರು ಅದನ್ನು ಬಿಟ್ಟು ಜಿಲೇಬಿ ಒಯ್ದರು, ಮತ್ತೆ ಬಂದು ಮಿಕ್ಸರ್ ಒಯ್ದರು. ನಮ್ಮವರು ಮೊಳೆಯಿಂದ ಗಡಿಯಾರ ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ಎದುರು ಮನೆಗೆ ಒಯ್ದು ತಾವೇ ಗೋಡೆಗೆ ಹಾಕಿ ಬಂದರು. ಆ ಮನೆಯ ಯಜಮಾನರೂ ಅವರೂ ಅಲ್ಲಿ ಅದೇನು ಮಾತಾಡಿದರೋ, ಆಮೇಲೆ ಇಬ್ಬರೂ ಕೂಡಿಯೇ ಬಂದು ಒಂದೊಂದು ಕುರ್ಚಿ ಒಯ್ದರು.

ಕೊನೆಗೆ ಉಳಿದದ್ದು ಬಂಗಾರದ ಗೆರೆಯ ಕಪ್ಪು-ಬಶಿ. ನಾನು ತೊಳೆದು, ಒರೆಸಿ, ತಟ್ಟೆಯಲ್ಲಿ ಜೋಡಿಸಿ ಕೊಟ್ಟೆ. ವೈನಿ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ಹೊಸ್ತಿಲು ದಾಟಿದವರು, ಅಲ್ಲೇ ನಿಂತು ಬೆರಳಿನಿಂದ ಬಶಿ ಮುಟ್ಟಿ ಮುಟ್ಟಿ ನೋಡಿದರು. ಒಲೆಯ ಮೇಲೆ ಏನೋ ಇಟ್ಟು ಬಂದಿದ್ದರೆಂದು ಕಾಣುತ್ತದೆ, ಅವಸರದಲ್ಲಿದ್ದರು.

"ಎರಡು ಬಶಿ ಕಡಿಮಿ ಬಿದ್ದಾವ ನೋಡ್ರಿ ಬಾಯಾರ," ಎಂದು ಹೆಜ್ಜೆ ಹಾಕುತ್ತಲೇ ಹೇಳಿದರು. "ಇರಲಿ ಬಿಡ್ರಿ. ನಿಮ್ಮ ಮನ್ಯಾಗ ಇದ್ರೇನು, ನಮ್ಮ ಮನ್ಯಾಗ ಇದ್ರೇನು."